ಕ್ವಾಂಟಮ್ ನೆಟ್‌ವರ್ಕ್‌ನಲ್ಲಿ ಪಿಎಚ್‌.ಡಿ.: ಫೋಟಾನ್ ಎಲ್ಲಿ ಸಾಯುತ್ತದೆ ಎಂದು ಕೇಳುತ್ತ ಹೋಗಿ

ಕ್ವಾಂಟಮ್ ನೆಟ್‌ವರ್ಕಿಂಗ್‌ನಲ್ಲಿ, ಅಂದರೆ ದೂರದ ಕ್ವಾಂಟಮ್ ಯಂತ್ರಗಳನ್ನು ಫೋಟಾನ್‌ಗಳ (ಬೆಳಕಿನ ಕಣಗಳ) ಮೂಲಕ ಬೆಸೆಯುವ ಕ್ಷೇತ್ರದಲ್ಲಿ, ಸಂಶೋಧನೆ ಮಾಡಬೇಕು ಎನ್ನುವವರು ಮೊದಲು ಕೇಳುವುದು ‘ಯಾವ ಯೂನಿವರ್ಸಿಟಿ ಒಳ್ಳೆಯದು?’ ಎಂದು. ಈ ಕ್ಷೇತ್ರದ ಮಟ್ಟಿಗೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಏಕೆಂದರೆ ಇಲ್ಲಿ ಒಂದೇ ಹೆಸರಿನ ಅಡಿಯಲ್ಲಿ ನಾಲ್ಕೈದು ಬೇರೆ ಬೇರೆ ಕಸುಬುಗಳಿವೆ. ಒಬ್ಬರು ವಜ್ರದ ಚೂರೊಂದನ್ನು 4 ಕೆಲ್ವಿನ್‌ವರೆಗೆ ತಣಿಸಿ, ಲೇಸರ್ ಸರಿಹೊಂದಿಸುತ್ತ ರಾತ್ರಿ ಕಳೆಯುತ್ತಾರೆ. ಇನ್ನೊಬ್ಬರು ಬೋರ್ಡಿನ ಮುಂದೆ ನಿಂತು ಕ್ಯೂಯಿಂಗ್ ಥಿಯರಿಯ ಸಮೀಕರಣ ಬಿಡಿಸುತ್ತಾರೆ. ಮತ್ತೊಬ್ಬರು ಪ್ರೊಟೊಕಾಲ್ ಸ್ಟ್ಯಾಕ್‌ನ ಕೋಡ್ ಬರೆಯುತ್ತಾರೆ. ಮೂವರ ಮಹಾಪ್ರಬಂಧದ ಮೇಲೂ ‘ಕ್ವಾಂಟಮ್ ನೆಟ್‌ವರ್ಕ್’ ಎಂದೇ ಇರುತ್ತದೆ. ಇದು ಗೊತ್ತಿಲ್ಲದೆ ಯೂನಿವರ್ಸಿಟಿಯ ಹೆಸರು ನೋಡಿ ಸೇರಿಕೊಂಡು, ಎರಡನೇ ವರ್ಷಕ್ಕೆ ‘ನಾನು ಬಂದದ್ದು ಇದಕ್ಕಲ್ಲ’ ಎಂದವರನ್ನು ಕಂಡಿದ್ದೇನೆ.

ಹಾಗಾಗಿ ಈ ಬರಹದ ಕ್ರಮ ತಿರುಗುಮುರುಗು: ಮೊದಲು ಸಮಸ್ಯೆ, ಆಮೇಲೆ ಗುಂಪು, ಕೊನೆಗೆ ಯೂನಿವರ್ಸಿಟಿ ಮತ್ತು ದೇಶ.

ಹೆಜ್ಜೆ 1: ಲೆಕ್ಕವನ್ನು ಒಮ್ಮೆ ನಿಮ್ಮ ಕೈಯಿಂದಲೇ ಮಾಡಿ

ಅರ್ಜಿ ಬರೆಯುವ ಮುಂಚೆ ಒಂದು ಹಾಳೆ, ಒಂದು ಪೆನ್ ತೆಗೆದುಕೊಳ್ಳಿ. ಅರ್ಧ ಗಂಟೆ ಸಾಕು.

ಟೆಲಿಕಾಂ ಫೈಬರ್‌ನಲ್ಲಿ, 1550 ನ್ಯಾನೊಮೀಟರ್ ತರಂಗಾಂತರದಲ್ಲಿ, ಬೆಳಕಿನ ನಷ್ಟ ಕಿಲೊಮೀಟರಿಗೆ ಸುಮಾರು 0.2 ಡೆಸಿಬೆಲ್. 100 ಕಿ.ಮೀ. ಆದರೆ 20 ಡೆಸಿಬೆಲ್, ಅಂದರೆ ನೂರು ಫೋಟಾನ್ ಕಳಿಸಿದರೆ ಒಂದು ತಲುಪುತ್ತದೆ. ಇದೇನೂ ಅಷ್ಟು ಕೆಟ್ಟದ್ದಲ್ಲ. 1000 ಕಿ.ಮೀ.ಗೆ ಲೆಕ್ಕ ಹಾಕಿ: 200 ಡೆಸಿಬೆಲ್. ಸೆಕೆಂಡಿಗೆ ಸಾವಿರ ಕೋಟಿ ಫೋಟಾನ್ ಉಗುಳುವ ಆಕರ ನಿಮ್ಮ ಬಳಿ ಇದ್ದರೂ ಆಚೆ ತುದಿಗೆ ಒಂದು ಫೋಟಾನ್ ಮುಟ್ಟಲು ಸರಾಸರಿ 300 ವರ್ಷಕ್ಕೂ ಹೆಚ್ಚು ಬೇಕು. ಮಾಮೂಲಿ ಇಂಟರ್ನೆಟ್ ಇದೇ ನಷ್ಟವನ್ನು ದಾರಿಯುದ್ದಕ್ಕೂ ಆಂಪ್ಲಿಫೈಯರ್ ಕೂರಿಸಿ ನೀಗಿಸುತ್ತದೆ. ಕ್ವಾಂಟಮ್ ಸ್ಥಿತಿಯ ವಿಷಯದಲ್ಲಿ ಆ ಉಪಾಯ ನಡೆಯದು. ಗೊತ್ತಿಲ್ಲದ ಕ್ವಾಂಟಮ್ ಸ್ಥಿತಿಯನ್ನು ನಕಲು ಮಾಡಲಾಗದು ಎಂಬುದು 1982ರಲ್ಲೇ ಸಾಬೀತಾಗಿದೆ.

ಹಾಗಾದರೆ ದಾರಿ? 1998ರಲ್ಲಿ ಬ್ರೀಗೆಲ್, ಡ್ಯೂರ್, ಸಿರಾಕ್, ಝೋಲರ್ ಸೂಚಿಸಿದ ಕ್ವಾಂಟಮ್ ರಿಪೀಟರ್. ದೊಡ್ಡ ದೂರವನ್ನು ತುಂಡು ಮಾಡಿ, ಪ್ರತಿ ತುಂಡಿನಲ್ಲೂ ಬೇರೆಬೇರೆಯಾಗಿ ಎಂಟ್ಯಾಂಗಲ್‌ಮೆಂಟ್ (ದೂರದ ಎರಡು ಕಣಗಳ ಕ್ವಾಂಟಮ್ ಸ್ಥಿತಿ ಒಂದಕ್ಕೊಂದು ಹೆಣೆದುಕೊಳ್ಳುವುದು) ಹುಟ್ಟಿಸಿ, ಅದನ್ನು ಮೆಮೊರಿಯಲ್ಲಿ ಹಿಡಿದಿಟ್ಟು, ಆಮೇಲೆ ತುಂಡುಗಳನ್ನು ಸ್ವಾಪ್ ಮಾಡಿ ಬೆಸೆಯುವುದು. ಕೇಳಲು ಸೊಗಸು. ಈಗ ಒಂದೇ ತುಂಡಿನ ಲೆಕ್ಕ ಮಾಡೋಣ.

ಎರಡು ನೋಡ್‌ಗಳ ನಡುವೆ 50 ಕಿ.ಮೀ., ಸರಿಯಾಗಿ ಮಧ್ಯದಲ್ಲಿ ಒಂದು ಅಳತೆ ಕೇಂದ್ರ. ಎರಡೂ ಕಡೆಯ ಫೋಟಾನ್‌ಗಳು ಅಲ್ಲಿಗೆ ಬದುಕಿ ಬರುವ ಸಂಭವ ಒಟ್ಟು ಶೇ 10. ಸರಳ ಆಪ್ಟಿಕ್ಸ್‌ನಿಂದ ಮಾಡುವ ಬೆಲ್ ಅಳತೆ (ಎರಡೂ ಫೋಟಾನ್‌ಗಳನ್ನು ಒಟ್ಟಿಗೆ ಅಳೆದು ನೋಡ್‌ಗಳನ್ನು ಬೆಸೆಯುವುದು) ಹೆಚ್ಚೆಂದರೆ ಅರ್ಧ ಸಲ ಯಶಸ್ವಿ. ಉಳಿದದ್ದು ಶೇ 5. ನೋಡ್‌ನಿಂದ ಫೋಟಾನ್ ಹೊರತೆಗೆದು, ತರಂಗಾಂತರ ಬದಲಿಸಿ, ಡಿಟೆಕ್ಟರ್ ಹಿಡಿಯುವವರೆಗಿನ ದಕ್ಷತೆ ಒಂದೊಂದು ಕಡೆಗೂ ಶೇ 10 ಎಂದುಕೊಳ್ಳಿ. ಎರಡೂ ಸೇರಿ ಶೇ 1. ಕೊನೆಗೆ ಉಳಿಯುವುದು ಎರಡು ಸಾವಿರ ಪ್ರಯತ್ನಕ್ಕೆ ಒಂದು ಯಶಸ್ಸು. ಫೈಬರ್‌ನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ.; ಫೋಟಾನ್ ಮಧ್ಯಕ್ಕೆ ಹೋಗಿ ‘ಆಯಿತು’ ಅಥವಾ ‘ಆಗಲಿಲ್ಲ’ ಎಂಬ ಸುದ್ದಿ ವಾಪಸ್ ಬರಲು 250 ಮೈಕ್ರೊಸೆಕೆಂಡ್. ಸೆಕೆಂಡಿಗೆ 4000 ಪ್ರಯತ್ನ, ಎರಡು ಯಶಸ್ಸು. ಸರಾಸರಿ ಕಾಯುವ ಹೊತ್ತು ಅರ್ಧ ಸೆಕೆಂಡ್.

ಈಗ ಪಕ್ಕದ ತುಂಡನ್ನೂ ಸೇರಿಸಿ. ಒಂದು ತುಂಡು ಸಿದ್ಧವಾಗಿ, ಇನ್ನೊಂದಕ್ಕೆ ಅರ್ಧ ಸೆಕೆಂಡ್ ಕಾಯಬೇಕು. ನಿಮ್ಮ ಮೆಮೊರಿ ಉಳಿಯುವುದು 10 ಮಿಲಿಸೆಕೆಂಡ್ ಮಾತ್ರ ಎಂದಾದರೆ ಎರಡನೆಯದು ಬರುವ ಹೊತ್ತಿಗೆ ಮೊದಲನೆಯದು ಎಂದೋ ಮಣ್ಣುಪಾಲು. ನೂರು ಮೋಡ್‌ಗಳನ್ನು (ಬೇರೆ ಬೇರೆ ಕಾಲದ ಅಥವಾ ಬಣ್ಣದ ಫೋಟಾನ್‌ಗಳನ್ನು) ಒಟ್ಟಿಗೆ ಕಳಿಸುವ ಮಲ್ಟಿಪ್ಲೆಕ್ಸಿಂಗ್ ತಂದರೆ ಕಾಯುವ ಹೊತ್ತು 5 ಮಿಲಿಸೆಕೆಂಡಿಗೆ ಇಳಿದು ಆಟ ಸ್ವಲ್ಪ ಕೈಗೆ ಬರುತ್ತದೆ.

ನಾನು ಇಲ್ಲಿ ಹಿಡಿದ ಅಂಕಿಗಳು ಉದಾಹರಣೆಗೆ ಮಾತ್ರ. ಒಂದೊಂದು ಲ್ಯಾಬ್‌ನಲ್ಲಿ ಒಂದೊಂದು ತರಹ. ಆದರೆ ಲೆಕ್ಕ ಮುಗಿದ ಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಇದರಲ್ಲಿ ಯಾವ ಅಂಕಿ ನಿಮ್ಮ ಮನಸ್ಸನ್ನು ಕೆರಳಿಸಿತು? ಶೇ 10ರ ದಕ್ಷತೆಯನ್ನು ಶೇ 50 ಮಾಡುವುದು ಹೇಗೆ ಎಂದೇ? ಮೆಮೊರಿಯನ್ನು ಒಂದು ಸೆಕೆಂಡ್ ಉಳಿಸುವುದು ಹೇಗೆ ಎಂದೇ? ಹತ್ತು ಜನ ಬಳಕೆದಾರರು ಒಂದೇ ಸಲ ಸಂಪರ್ಕ ಕೇಳಿದರೆ ಸೆಕೆಂಡಿಗೆ ಸಿಗುವ ಆ ಎರಡನ್ನು ಯಾರಿಗೆ ಕೊಡುವುದು ಎಂದೇ? ನಿಮ್ಮ ಪಿಎಚ್‌.ಡಿ. ವಿಷಯ ಆ ಉತ್ತರದ ಅಕ್ಕಪಕ್ಕದಲ್ಲೇ ಇದೆ.

ಹೆಜ್ಜೆ 2: ನಿಮ್ಮ ಪದರ ಯಾವುದು ಎಂದು ತೀರ್ಮಾನಿಸಿ

ಹಾರ್ಡ್‌ವೇರ್ ನೋಡ್‌ಗಳು ಮೊದಲ ಪದರ. ವಜ್ರದೊಳಗಿನ ನೈಟ್ರೊಜನ್ ಅಥವಾ ಸಿಲಿಕಾನ್ ದೋಷಕೇಂದ್ರ, ಬಲೆಯಲ್ಲಿ ಹಿಡಿದ ಅಯಾನ್, ತಟಸ್ಥ ಪರಮಾಣು, ರೇರ್ ಅರ್ತ್ ಧಾತು ಬೆರೆಸಿದ ಹರಳು, ಕ್ವಾಂಟಮ್ ಡಾಟ್, ಹೀಗೆ ಹಲವು ದಾರಿಗಳಿವೆ. ಯಾವುದು ಗೆಲ್ಲುತ್ತದೆ ಎಂದು ಬೆಟ್ ಕಟ್ಟಲು ನಾನು ತಯಾರಿಲ್ಲ. ಒಂದೊಂದಕ್ಕೂ ಒಂದೊಂದು ಕೊರತೆ. ವಜ್ರದ ನೈಟ್ರೊಜನ್ ಕೇಂದ್ರ ಉಗುಳುವುದು 637 ನ್ಯಾನೊಮೀಟರಿನ ಕೆಂಪು ಬೆಳಕು; ಫೈಬರ್‌ನಲ್ಲಿ ಅದು ಕೆಲವೇ ಕಿಲೊಮೀಟರಿನಲ್ಲಿ ಮುಗಿದುಹೋಗುತ್ತದೆ, ಹಾಗಾಗಿ ತರಂಗಾಂತರ ಪರಿವರ್ತನೆ ಬೇಕೇ ಬೇಕು. ಎರ್ಬಿಯಮ್ ನೇರವಾಗಿ ಟೆಲಿಕಾಂ ತರಂಗಾಂತರದಲ್ಲೇ ಹೊಳೆಯುತ್ತದೆ, ಆದರೆ ಬಹಳ ನಿಧಾನ. ಈ ಪದರ ಆರಿಸಿಕೊಂಡರೆ ಮೊದಲ ವರ್ಷವಿಡೀ ಆಪ್ಟಿಕಲ್ ಟೇಬಲ್ ಮೇಲೆ ಕನ್ನಡಿ ತಿರುಗಿಸುವುದೇ ಕೆಲಸ. ಪಂಪ್ ಕೆಟ್ಟು ಎರಡು ತಿಂಗಳು ಸುಮ್ಮನೆ ಕೂರಬೇಕಾಗಬಹುದು. ಅದು ಸಹಿಸಲಾಗದವರು ಈಗಲೇ ಮುಂದಿನ ಪ್ಯಾರಾಕ್ಕೆ ಹೋಗುವುದು ಒಳಿತು.

ಬೆಳಕಿನ ಕೊಂಡಿ ಎರಡನೆಯದು: ಪರಿವರ್ತಕಗಳು, ಡಿಟೆಕ್ಟರ್‌ಗಳು, ಬೆಳಕಿನ ಅಲೆಯ ಫೇಸ್ ಅಲುಗದಂತೆ ಹಿಡಿದಿಡುವುದು, ಊರೊಳಗೆ ಹಾಕಿದ ಫೈಬರ್‌ನಲ್ಲಿ ಚಳಿ, ಬಿಸಿಲು, ವಾಹನಗಳ ಅದುರಿನ ಜೊತೆ ಗುದ್ದಾಟ, ಉಪಗ್ರಹ. ಇಂಜಿನಿಯರಿಂಗ್ ಓದಿದವರಿಗೆ ಇಲ್ಲಿ ಒಳ್ಳೆಯ ಜಾಗವಿದೆ. ಆದರೂ ಏಕೋ ಅರ್ಜಿಗಳು ಕಡಿಮೆ.

ಮೂರನೆಯದು ಪ್ರೊಟೊಕಾಲ್ ಮತ್ತು ಸಾಫ್ಟ್‌ವೇರ್. ರೂಟಿಂಗ್, ಶೆಡ್ಯೂಲಿಂಗ್, ನೋಡ್‌ನ ಆಪರೇಟಿಂಗ್ ಸಿಸ್ಟಮ್. ಕಂಪ್ಯೂಟರ್ ಸೈನ್ಸ್‌ನವರು ‘ನಮಗೆ ಫಿಸಿಕ್ಸ್ ಬರುವುದಿಲ್ಲ’ ಎಂದು ಹಿಂದೆ ಸರಿಯುತ್ತಾರೆ, ಸರಿಯಬೇಕಿಲ್ಲ. ಇಂಟರ್ನೆಟ್‌ನ ಸಂಶೋಧನಾ ಸಮುದಾಯವಾದ ಐಆರ್‌ಟಿಎಫ್‌ನಿಂದ 2023ರಲ್ಲಿ ಹೊರಬಂದ ಆರ್‌ಎಫ್‌ಸಿ 9340 ಎಂಬ ದಾಖಲೆ ಕ್ವಾಂಟಮ್ ಇಂಟರ್ನೆಟ್‌ನ ವಾಸ್ತುವಿನ ತತ್ವಗಳನ್ನು ನೆಟ್‌ವರ್ಕ್ ಇಂಜಿನಿಯರ್‌ಗಳ ಭಾಷೆಯಲ್ಲೇ ಹೇಳುತ್ತದೆ. ಅದನ್ನು ಓದಿ ಮುಗಿಸಿದಾಗ ತಲೆಯಲ್ಲಿ ಹತ್ತು ಪ್ರಶ್ನೆ ಎದ್ದರೆ ಈ ಪದರ ನಿಮ್ಮದು. ನೋಡ್‌ಗಳಿಗೆಂದೇ ನೆದರ್‌ಲೆಂಡ್ಸ್‌ನ ಡೆಲ್ಫ್ಟ್‌ನ ಸಂಶೋಧಕರು ಮತ್ತು ಅವರ ಜೊತೆಗಾರರು ಕಟ್ಟಿದ ಆಪರೇಟಿಂಗ್ ಸಿಸ್ಟಮ್, ಕ್ಯುನೋಡ್‌ಒಎಸ್, 2025ರಲ್ಲಿ ‘ನೇಚರ್’ನಲ್ಲಿ ಪ್ರಕಟವಾಯಿತು. ಆಪರೇಟಿಂಗ್ ಸಿಸ್ಟಮ್ ಬಗೆಗಿನ ಪೇಪರ್ ಆ ಪತ್ರಿಕೆಯಲ್ಲಿ ಬರುವುದು ಅಪರೂಪ.

ನಾಲ್ಕನೆಯದು ಶುದ್ಧ ಸಿದ್ಧಾಂತ: ಚಾನೆಲ್‌ನ ಸಾಮರ್ಥ್ಯದ ಮಿತಿಗಳು, ದೋಷ ತಿದ್ದುವ ರಿಪೀಟರ್‌ಗಳು, ಕ್ರಿಪ್ಟೊಗ್ರಫಿಯ ಸುರಕ್ಷತೆಯ ಗಣಿತದ ಪುರಾವೆಗಳು. ಗಣಿತದ ಬಲ ಬೇಕು.

ಇಲ್ಲಿ ಒಂದು ಎಚ್ಚರ. ಗೂಢಲಿಪಿಯ ಕೀಲಿಯನ್ನು ಫೋಟಾನ್‌ಗಳ ಮೂಲಕ ಕಳಿಸುವ ಕೀಲಿ ಹಂಚಿಕೆ, ಅಂದರೆ ಕ್ಯುಕೆಡಿ, ಮತ್ತು ಎಂಟ್ಯಾಂಗಲ್‌ಮೆಂಟ್ ನೆಟ್‌ವರ್ಕ್ ಎರಡನ್ನೂ ಒಂದೇ ಎಂದು ತಿಳಿದು ಅರ್ಜಿ ಹಾಕುವವರು ಬಹಳ. 1984ರ ಬಿಬಿ84 ಎಂಬ ಪ್ರೊಟೊಕಾಲ್‌ನಿಂದ ಶುರುವಾದ ಕ್ಯುಕೆಡಿ ಇವತ್ತು ಮಾರುಕಟ್ಟೆಯಲ್ಲಿ ಸಿಗುವ ಯಂತ್ರ. ಚೀನಾದಲ್ಲಿ 2017ರಲ್ಲಿ ತೆರೆದ ಬೀಜಿಂಗ್–ಶಾಂಘೈ ಕ್ಯುಕೆಡಿ ಮಾರ್ಗ ಸುಮಾರು 2,000 ಕಿ.ಮೀ. ಉದ್ದದ್ದು, ಆದರೆ ಅದು ನಿಂತಿರುವುದು ದಾರಿಯಲ್ಲಿನ ನಂಬಿಗಸ್ತ ನೋಡ್‌ಗಳ ಮೇಲೆ. ಕೀಲಿ ಪ್ರತಿ ನೋಡ್‌ನಲ್ಲೂ ಒಮ್ಮೆ ಬಿಚ್ಚಿಕೊಳ್ಳುತ್ತದೆ, ಅಲ್ಲಿರುವವರನ್ನು ನಂಬಬೇಕು. ಎಂಟ್ಯಾಂಗಲ್‌ಮೆಂಟನ್ನು ತುದಿಯಿಂದ ತುದಿಗೆ ಒಯ್ಯುವುದು ಬೇರೆಯೇ ಕೆಲಸ. 2018ರಲ್ಲಿ ವೇನರ್, ಎಲ್ಕೌಸ್, ಹ್ಯಾನ್ಸನ್ ‘ಸೈನ್ಸ್’ನಲ್ಲಿ ಕ್ವಾಂಟಮ್ ಇಂಟರ್ನೆಟ್ ಬೆಳೆಯುವ ಹಾದಿಯನ್ನು ಆರು ಹಂತಗಳಾಗಿ ಬಿಡಿಸಿಟ್ಟರು, ನಂಬಿಗಸ್ತ ರಿಪೀಟರ್ ಅದರಲ್ಲಿ ತಳದ ಮೆಟ್ಟಿಲು. ನೀವು ಅರ್ಜಿ ಹಾಕುವ ಗುಂಪು ಯಾವ ಮೆಟ್ಟಿಲಿನಲ್ಲಿದೆ ಎಂದು ಆ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ. ಕ್ಯುಕೆಡಿ ಕೀಳು ಎಂದು ನಾನು ಹೇಳುತ್ತಿಲ್ಲ, ಕೆಲಸ ಸಿಗುವುದು ಅಲ್ಲೇ ಬೇಗ. ಆದರೆ ಗೊತ್ತಿದ್ದೇ ಆರಿಸಿಕೊಳ್ಳಿ.

ಹೆಜ್ಜೆ 3: ಓದಿನ ತಯಾರಿ

ಎಲ್ಲ ಪದರಕ್ಕೂ ಬೇಕಾದದ್ದು ಲೀನಿಯರ್ ಆಲ್ಜೀಬ್ರಾ, ಸಂಭವನೀಯತೆ, ಡೆನ್ಸಿಟಿ ಮ್ಯಾಟ್ರಿಕ್ಸ್ ಬಳಸಿ ಯೋಚಿಸುವ ಅಭ್ಯಾಸ. ಪ್ರಯೋಗಕ್ಕೆ ಹೋಗುವವರಿಗೆ ಕ್ವಾಂಟಮ್ ಆಪ್ಟಿಕ್ಸ್ ಮತ್ತು ಸ್ವಲ್ಪ ಎಲೆಕ್ಟ್ರಾನಿಕ್ಸ್. ಪ್ರೊಟೊಕಾಲ್‌ಗೆ ಹೋಗುವವರಿಗೆ ಕಂಪ್ಯೂಟರ್ ನೆಟ್‌ವರ್ಕ್ ಮತ್ತು ಸ್ಟೊಕಾಸ್ಟಿಕ್ ಪ್ರಕ್ರಿಯೆಗಳು. ಪೈಥಾನ್ ಎಲ್ಲರಿಗೂ. ಇದಕ್ಕಿಂತ ಹೆಚ್ಚು ಕಲಿತೇ ಅರ್ಜಿ ಹಾಕುತ್ತೇನೆ ಎಂದು ಕೂತರೆ ವರ್ಷಗಳು ಹೋಗುತ್ತವೆ. ಪೇಪರ್‌ಗಳ ಮಟ್ಟಿಗೆ ಐದೇ ಐದು ಆರಿಸಿ ಹಣ್ಣಾಗುವಷ್ಟು ಓದಿ. ಐವತ್ತರ ಸಾರಾಂಶ ಓದಿದವರು ಸಂದರ್ಶನದ ಹತ್ತನೇ ನಿಮಿಷಕ್ಕೆ ಸಿಕ್ಕಿಬೀಳುತ್ತಾರೆ.

ಹೆಜ್ಜೆ 4: ಗುಂಪುಗಳನ್ನು ಪೇಪರ್‌ನ ಜಾಡು ಹಿಡಿದು ಹುಡುಕಿ

ಸುದ್ದಿ ಓದಿ ಗುಂಪು ಹುಡುಕಬೇಡಿ. ‘ಕ್ವಾಂಟಮ್ ಇಂಟರ್ನೆಟ್ ಬಂದೇಬಿಟ್ಟಿತು’ ಎಂಬ ತಲೆಬರಹಕ್ಕೂ ಪ್ರಯೋಗದಲ್ಲಿ ನಿಜಕ್ಕೂ ಆದದ್ದಕ್ಕೂ ನಡುವೆ ಅಂತರವಿರುತ್ತದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಬರಹಗಳೇ ಹೆಚ್ಚು. ಮೂಲ ಪೇಪರ್ ತೆರೆದು ಮೂರು ಅಂಕಿ ಹುಡುಕಿ: ದೂರ ಎಷ್ಟು, ನಿಮಿಷಕ್ಕೋ ಸೆಕೆಂಡಿಗೋ ಎಷ್ಟು ಯಶಸ್ಸು, ಫಿಡೆಲಿಟಿ (ಸಿಕ್ಕ ಸ್ಥಿತಿ ಬೇಕಾದ ಸ್ಥಿತಿಗೆ ಎಷ್ಟು ಹತ್ತಿರ ಎಂಬ ಅಳತೆ) ಎಷ್ಟು. ದೂರ ಮಾತ್ರ ದೊಡ್ಡದಾಗಿ ಬರೆದು ಉಳಿದೆರಡನ್ನು ಒಳಗೆ ಬಚ್ಚಿಟ್ಟಿದ್ದರೆ ಕಾರಣ ಇರುತ್ತದೆ.

ನನ್ನ ದೃಷ್ಟಿಯಲ್ಲಿ ಜಾಡು ಹಿಡಿಯಲು ಯೋಗ್ಯವಾದ ಕೆಲವು ಎಳೆಗಳು ಇವು. ನೆದರ್‌ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿರುವ ಕ್ಯುಟೆಕ್ 2015ರಲ್ಲಿ 1.3 ಕಿ.ಮೀ. ಅಂತರದಲ್ಲಿ ಎಂಟ್ಯಾಂಗಲ್‌ಮೆಂಟ್ ನಿಜವೇ ಎಂದು ನೋಡುವ, ಲೋಪದಾರಿಗಳಿಲ್ಲದ ಬೆಲ್ ಪರೀಕ್ಷೆ ಮಾಡಿತು. 2021ರಲ್ಲಿ ಮೂರು ನೋಡ್‌ಗಳ ನೆಟ್‌ವರ್ಕ್, 2022ರಲ್ಲಿ ನೇರ ಕೊಂಡಿಯಿಲ್ಲದ ಎರಡು ನೋಡ್‌ಗಳ ನಡುವೆ ಟೆಲಿಪೋರ್ಟೇಶನ್ (ಕಣವನ್ನಲ್ಲ, ಅದರ ಕ್ವಾಂಟಮ್ ಸ್ಥಿತಿಯನ್ನು ದಾಟಿಸುವುದು), 2024ರಲ್ಲಿ ಡೆಲ್ಫ್ಟ್ ಮತ್ತು ಹೇಗ್ ನಡುವೆ 25 ಕಿ.ಮೀ. ಹಾಕಿದ ಫೈಬರ್ ಮೂಲಕ ಎಂಟ್ಯಾಂಗಲ್‌ಮೆಂಟ್. ಒಂದೇ ಜಾಗದ ಹತ್ತು ವರ್ಷದ ಪೇಪರ್‌ಗಳನ್ನು ಸಾಲಾಗಿ ಓದಿದರೆ ಒಂದು ಕ್ಷೇತ್ರ ಹೇಗೆ ಒಂದೊಂದೇ ಮೊಳೆ ಹೊಡೆದು ಕಟ್ಟಿಕೊಳ್ಳುತ್ತದೆ ಎಂದು ಕಾಣುತ್ತದೆ. ಅಮೆರಿಕದಲ್ಲಿ ಹಾರ್ವರ್ಡ್ ಗುಂಪು ಸಿಲಿಕಾನ್ ದೋಷಕೇಂದ್ರಗಳ ಎರಡು ಮೆಮೊರಿ ನೋಡ್‌ಗಳನ್ನು ಬಾಸ್ಟನ್ ಪ್ರದೇಶದಲ್ಲಿ 35 ಕಿ.ಮೀ. ಸುತ್ತು ಹೊಡೆಯುವ ಫೈಬರ್ ಮೂಲಕ ಜೋಡಿಸಿದ್ದು 2024ರಲ್ಲಿ; ಅದೇ ವರ್ಷ ಚೀನಾದ ಹೆಫೆಯ ಯುಎಸ್‌ಟಿಸಿ ಯೂನಿವರ್ಸಿಟಿ ನಗರ ಮಟ್ಟದ ಮೆಮೊರಿ ನೆಟ್‌ವರ್ಕ್ ತೋರಿಸಿತು. ಉಪಗ್ರಹದ ದಾರಿಯಲ್ಲಿ ಯುಎಸ್‌ಟಿಸಿಯದೇ ಮುಂಚೂಣಿ: 2016ರಲ್ಲಿ ಹಾರಿಸಿದ ಮಿಸಿಯಸ್ ಮರುವರ್ಷ 1,200 ಕಿ.ಮೀ. ಅಂತರದ ಎರಡು ಕೇಂದ್ರಗಳಿಗೆ ಎಂಟ್ಯಾಂಗಲ್‌ಮೆಂಟ್ ಹಂಚಿತು. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಅಯಾನ್‌ಗಳು, ಜರ್ಮನಿಯ ಮ್ಯೂನಿಕ್‌ನಲ್ಲಿ ಪರಮಾಣುಗಳು, ಬಾರ್ಸಿಲೋನಾದ ಐಸಿಎಫ್‌ಒದಲ್ಲಿ ಹರಳಿನ ಮೆಮೊರಿಗಳು, ಜಿನೀವಾದಲ್ಲಿ ಹಳೆಯ ಕ್ಯುಕೆಡಿ ಪರಂಪರೆ. ಆಕ್ಸ್‌ಫರ್ಡ್ ಗುಂಪು 2025ರಲ್ಲಿ ಸುಮಾರು ಎರಡು ಮೀಟರ್ ಅಂತರದ ಎರಡು ಅಯಾನ್ ಯಂತ್ರಗಳ ನಡುವೆ ಲಾಜಿಕ್ ಗೇಟನ್ನೇ ಟೆಲಿಪೋರ್ಟ್ ಮಾಡಿ ತೋರಿಸಿತು. ಎರಡೇ ಮೀಟರ್ ಎಂದು ಮೂಗು ಮುರಿಯಬೇಡಿ. ಡೇಟಾ ಸೆಂಟರ್‌ನೊಳಗಿನ ಕ್ವಾಂಟಮ್ ನೆಟ್‌ವರ್ಕ್ ಬೇಕಿರುವುದು ಅಷ್ಟೇ ದೂರಕ್ಕೆ.

ಪ್ರೊಟೊಕಾಲ್ ಮತ್ತು ಸಿದ್ಧಾಂತಕ್ಕೆ ಜಪಾನಿನ ಕೇಯೊ ಯೂನಿವರ್ಸಿಟಿ, ಅಮೆರಿಕದ ಮ್ಯಾಸಚೂಸೆಟ್ಸ್ ಯೂನಿವರ್ಸಿಟಿಯ ಆಮ್‌ಹರ್ಸ್ಟ್ ಕ್ಯಾಂಪಸ್, ಮತ್ತೆ ಡೆಲ್ಫ್ಟ್. ಕೆನಡಾದ ವಾಟರ್‌ಲೂ, ಸಿಂಗಪುರದ ಸಿಕ್ಯುಟಿ (ಸೆಂಟರ್ ಫಾರ್ ಕ್ವಾಂಟಮ್ ಟೆಕ್ನಾಲಜೀಸ್), ಭಾರತದಲ್ಲಿ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ನ ಸಂವಹನ ಕೇಂದ್ರವಾದ ಐಐಟಿ ಮದ್ರಾಸ್ ಕೂಡ ನೋಡಬೇಕಾದವು. ದೊಡ್ಡ ಒಕ್ಕೂಟಗಳನ್ನೂ ಗಮನಿಸಿ: ಯುರೋಪಿನ ಕ್ವಾಂಟಮ್ ಇಂಟರ್ನೆಟ್ ಅಲಯನ್ಸ್, 2020ರಲ್ಲಿ ಅರಿಝೋನಾ ಯೂನಿವರ್ಸಿಟಿಯ ಮುಂದಾಳತ್ವದಲ್ಲಿ ಶುರುವಾದ ಸೆಂಟರ್ ಫಾರ್ ಕ್ವಾಂಟಮ್ ನೆಟ್‌ವರ್ಕ್ಸ್. ಅವುಗಳ ಸದಸ್ಯ ಸಂಸ್ಥೆಗಳ ಪಟ್ಟಿಯಲ್ಲಿ ನೀವು ಹೆಸರೇ ಕೇಳಿರದ ಒಳ್ಳೆಯ ಗುಂಪುಗಳು ಸಿಗುತ್ತವೆ.

ಒಂದು ಹಳೆಯ ಉಪಾಯ: ಇಷ್ಟವಾದ ಪೇಪರ್‌ನ ಮೊದಲ ಲೇಖಕರು ಈಗ ಎಲ್ಲಿದ್ದಾರೆ ಎಂದು ನೋಡಿ. ಹಲವರು ಹೊಸದಾಗಿ ತಮ್ಮದೇ ಲ್ಯಾಬ್ ಶುರು ಮಾಡಿರುತ್ತಾರೆ. ಹೊಸ ಲ್ಯಾಬ್‌ನಲ್ಲಿ ಗೈಡ್ ದಿನವೂ ನಿಮ್ಮ ಜೊತೆ ಟೇಬಲ್ ಬಳಿ ನಿಲ್ಲುತ್ತಾರೆ, ಆದರೆ ಮೊದಲ ಎರಡು ವರ್ಷ ಉಪಕರಣ ಕೂರಿಸುವುದರಲ್ಲೇ ಕಳೆಯುತ್ತದೆ. ದೊಡ್ಡ ಲ್ಯಾಬ್‌ನಲ್ಲಿ ಯಂತ್ರ ಓಡುತ್ತಿರುತ್ತದೆ, ಗೈಡ್ ಸಿಗುವುದು ತಿಂಗಳಿಗೊಮ್ಮೆ. ನನ್ನನ್ನು ಕೇಳಿದರೆ, ತಳದಿಂದ ಕಲಿಯುವ ಹಸಿವಿದ್ದವರಿಗೆ ಹೊಸ ಲ್ಯಾಬ್ ವಾಸಿ.

ಹೆಜ್ಜೆ 5: ದೇಶ ಬದಲಾದರೆ ಅರ್ಜಿಯ ರೀತಿಯೂ ಬದಲು

ಯುರೋಪಿನ ಬಹುಭಾಗದಲ್ಲಿ ಪಿಎಚ್‌.ಡಿ. ಎಂದರೆ ಸಂಬಳದ ನೌಕರಿ. ಮೂರರಿಂದ ನಾಲ್ಕು ವರ್ಷದ ಕರಾರು, ನಿರ್ದಿಷ್ಟ ಪ್ರಾಜೆಕ್ಟ್, ವರ್ಷವಿಡೀ ಯಾವಾಗ ಬೇಕಾದರೂ ಪ್ರಕಟಣೆ ಬರಬಹುದು. ಸಾಮಾನ್ಯವಾಗಿ ಮಾಸ್ಟರ್ಸ್ ಆಗಿರಲೇಬೇಕು. ಅಮೆರಿಕದಲ್ಲಿ ಡಿಪಾರ್ಟ್‌ಮೆಂಟ್‌ಗೆ ಅರ್ಜಿ. ಬಹುತೇಕ ಗಡುವುಗಳು ಡಿಸೆಂಬರ್ ಆಸುಪಾಸು. ಪದವಿ ಮುಗಿಸಿದವರೂ ನೇರ ಹೋಗಬಹುದು. ಮೊದಲು ಕೋರ್ಸ್‌ಗಳು, ಒಟ್ಟು ಐದಾರು ವರ್ಷ. ಅಲ್ಲಿ ಕ್ವಾಂಟಮ್ ನೆಟ್‌ವರ್ಕ್ ಕೆಲಸ ಫಿಸಿಕ್ಸ್, ಎಲೆಕ್ಟ್ರಿಕಲ್, ಆಪ್ಟಿಕಲ್ ಸೈನ್ಸ್, ಕಂಪ್ಯೂಟರ್ ಸೈನ್ಸ್ ಎಲ್ಲದರಲ್ಲೂ ಹರಡಿರುವುದರಿಂದ ನಿಮ್ಮ ಗೈಡ್ ಯಾವ ಡಿಪಾರ್ಟ್‌ಮೆಂಟ್‌ನ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ. ಇದೊಂದು ತಪ್ಪಿದರೆ ಉಳಿದದ್ದೆಲ್ಲ ಸರಿ ಇದ್ದೂ ವ್ಯರ್ಥ. ಬ್ರಿಟನ್ನಿನಲ್ಲಿ ಪ್ರವೇಶ ಒಂದು, ಹಣ ಇನ್ನೊಂದು: ಪ್ರವೇಶ ಸಿಕ್ಕಿತೆಂದು ಕುಣಿಯುವ ಮುಂಚೆ ಸ್ಕಾಲರ್‌ಶಿಪ್‌ನ ಸಾಲು ಓದಿ.

ಯುರೋಪಿನ ಮರೀ ಸ್ಕ್ಲೊಡೊವ್ಸ್ಕಾ ಕ್ಯೂರಿ ಡಾಕ್ಟೋರಲ್ ನೆಟ್‌ವರ್ಕ್‌ಗಳು ವಿದೇಶಿಯರಿಗೆ ಹೇಳಿ ಮಾಡಿಸಿದ ಹಾಗಿವೆ. ಅದರ ನಿಯಮ: ಸೇರುವ ಮುಂಚಿನ 36 ತಿಂಗಳಲ್ಲಿ ಆ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ವಾಸಿಸಿರಬಾರದು, ಪಿಎಚ್‌.ಡಿ. ಆಗಿರಬಾರದು. ಜರ್ಮನಿಯಲ್ಲೇ ಎರಡು ವರ್ಷ ಮಾಸ್ಟರ್ಸ್ ಮಾಡಿ ಅಲ್ಲಿಯದೇ ಸ್ಥಾನಕ್ಕೆ ಅರ್ಜಿ ಹಾಕಿದವರು ಈ ಒಂದು ಸಾಲಿನಿಂದ ಹೊರಗುಳಿಯುತ್ತಾರೆ. ಅದೇ ನೆಟ್‌ವರ್ಕ್‌ನ ಫ್ರಾನ್ಸ್ ಸ್ಥಾನಕ್ಕೆ ಅವರು ಅರ್ಹರು.

ಹೆಜ್ಜೆ 6: ಒಂದು ಸಣ್ಣ ಕೆಲಸ ಮಾಡಿ ತೋರಿಸಿ

‘ನನಗೆ ಕ್ವಾಂಟಮ್ ನೆಟ್‌ವರ್ಕ್‌ನಲ್ಲಿ ಅಪಾರ ಆಸಕ್ತಿ’ ಎಂಬ ವಾಕ್ಯ ಪ್ರತಿ ಅರ್ಜಿಯಲ್ಲೂ ಇರುತ್ತದೆ, ಓದುವವರ ಕಣ್ಣು ಅದರ ಮೇಲೆ ನಿಲ್ಲುವುದಿಲ್ಲ. ನಿಲ್ಲುವುದು ನೀವು ಮಾಡಿದ ಒಂದು ಗ್ರಾಫ್ ಮೇಲೆ.

ಸಿಮ್ಯುಲೇಟರ್‌ಗಳು ಎಲ್ಲರಿಗೂ ಸಿಗುತ್ತವೆ. ಡೆಲ್ಫ್ಟ್‌ನ ನೆಟ್‌ಸ್ಕ್ವಿಡ್, ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಬಳಗದ ಸೀಕ್ವೆನ್ಸ್, ಕೇಯೊದವರ ಕ್ವಿಸ್ಪ್. ಸೀಕ್ವೆನ್ಸ್ ಓಪನ್ ಸೋರ್ಸ್, ಪೈಥಾನ್‌ನಲ್ಲೇ ಇದೆ, ಶುರು ಮಾಡಲು ಸುಲಭ. ಮೊದಲ ಹೆಜ್ಜೆಯ ಲೆಕ್ಕವನ್ನೇ ತೆಗೆದುಕೊಂಡು ಮೂರು ನೋಡ್‌ಗಳ ಸರಪಳಿ ಕಟ್ಟಿ. ಮೆಮೊರಿಯ ಆಯುಷ್ಯವನ್ನು 1 ಮಿಲಿಸೆಕೆಂಡಿನಿಂದ 1 ಸೆಕೆಂಡಿನವರೆಗೆ ಬದಲಿಸುತ್ತ ಹೋಗಿ, ತುದಿಯಿಂದ ತುದಿಗೆ ಸಿಗುವ ಎಂಟ್ಯಾಂಗಲ್‌ಮೆಂಟ್‌ನ ದರ ಮತ್ತು ಫಿಡೆಲಿಟಿ ಎರಡನ್ನೂ ಒಂದೇ ಚಿತ್ರದಲ್ಲಿ ಹಾಕಿ. ಮೆಮೊರಿಯಲ್ಲಿ ಕೂತ ಹಳೆಯ ಎಂಟ್ಯಾಂಗಲ್ಡ್ ಜೋಡಿಯನ್ನು ಎಷ್ಟು ಹೊತ್ತಿನ ಮೇಲೆ ಬಿಸಾಡಬೇಕು ಎಂಬ ಮಿತಿ ಇಟ್ಟು ಮತ್ತೊಮ್ಮೆ ಓಡಿಸಿ. ದರ ಇಳಿಯುತ್ತದೆ, ಫಿಡೆಲಿಟಿ ಏರುತ್ತದೆ. ಎಲ್ಲಿ ನಿಲ್ಲಿಸುವುದು ಲೇಸು ಎಂಬುದೇ ಒಂದು ಪ್ರಶ್ನೆ. ಸಿಮ್ಯುಲೇಟರ್ ಕೊಟ್ಟ ದರ ಕೈಲೆಕ್ಕಕ್ಕೆ ಹೊಂದದಿದ್ದರೆ ಸಂತೋಷಪಡಿ. ಯಾಕೆ ಹೊಂದಲಿಲ್ಲ ಎಂದು ಹುಡುಕಿದ ಆ ಮೂರು ದಿನವೇ ನಿಮ್ಮ ಅರ್ಜಿಯ ಅತ್ಯುತ್ತಮ ಪ್ಯಾರಾ. ಕೋಡನ್ನು ಗಿಟ್‌ಹಬ್‌ನಲ್ಲಿ ಹಾಕಿ, ಎರಡು ಪುಟದ ಟಿಪ್ಪಣಿ ಬರೆಯಿರಿ.

ಪ್ರಯೋಗದ ಕಡೆಯವರಿಗೆ ಇದರ ಬದಲು ಯಾವುದಾದರೂ ಆಪ್ಟಿಕ್ಸ್ ಲ್ಯಾಬ್‌ನಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್. ಲೇಸರನ್ನು ಸಿಂಗಲ್ ಮೋಡ್ ಫೈಬರ್‌ಗೆ ತೂರಿಸಿ ಶೇ 70 ಬೆಳಕು ಹೊರಗೆ ತಂದಿದ್ದೇನೆ ಎಂದು ಬರೆದರೆ, ಓದುವವರಿಗೆ ನಿಮ್ಮ ಕೈ ಎಂಥದ್ದು ಎಂದು ಗೊತ್ತಾಗುತ್ತದೆ.

ಹೆಜ್ಜೆ 7: ಪ್ರೊಫೆಸರ್‌ಗೆ ಇಮೇಲ್

ನಾನು ನನ್ನ ಕಾಲದಲ್ಲಿ ಒಂದೇ ಪತ್ರವನ್ನು ನಲವತ್ತು ಜನರಿಗೆ ಕಳಿಸಿದ್ದೆ. ಒಬ್ಬರಿಗೆ ಹೋದದ್ದರಲ್ಲಿ ಇನ್ನೊಬ್ಬರ ಹೆಸರು ಉಳಿದುಹೋಗಿತ್ತು. ಉತ್ತರ ಬಂದದ್ದು ಅವರೊಬ್ಬರಿಂದಲೇ, ‘ತಪ್ಪು ವಿಳಾಸಕ್ಕೆ ಬಂದಿದೆ’ ಎಂದು. ಆಮೇಲೆ ಆರೇ ಪತ್ರ ಬರೆದೆ, ಮೂರಕ್ಕೆ ಉತ್ತರ ಬಂತು. ಆ ಪತ್ರಗಳ ಧಾಟಿ ಸುಮಾರು ಹೀಗಿತ್ತು:

‘ಮಾನ್ಯ ಪ್ರೊಫೆಸರ್ ಅವರಿಗೆ, ನಿಮ್ಮ ಗುಂಪಿನ ಇತ್ತೀಚಿನ ರಿಪೀಟರ್ ಪೇಪರ್‌ನಲ್ಲಿ ಜೋಡಿಯನ್ನು ಕೈಬಿಡುವ ಹೊತ್ತನ್ನು ಎಲ್ಲ ಕೊಂಡಿಗಳಿಗೂ ಒಂದೇ ಎಂದು ಹಿಡಿದಿದ್ದೀರಿ. ಕೊಂಡಿಗಳ ಉದ್ದ ಬೇರೆಬೇರೆಯಾದಾಗ ಏನಾಗುತ್ತದೆ ಎಂದು ಮೂರು ನೋಡ್‌ಗಳಲ್ಲಿ ಸಿಮ್ಯುಲೇಟ್ ಮಾಡಿ ನೋಡಿದೆ, ಚಿತ್ರ ಲಗತ್ತಿಸಿದ್ದೇನೆ. ಉದ್ದದ ಕೊಂಡಿಯ ಪಕ್ಕದ ಮೆಮೊರಿಗೆ ಬೇರೆ ಮಿತಿ ಕೊಟ್ಟರೆ ದರ ಸ್ವಲ್ಪ ಏರುವಂತೆ ಕಾಣುತ್ತದೆ. ನನ್ನ ಮಾದರಿಯಲ್ಲಿ ಗೇಟ್ ದೋಷಗಳಿಲ್ಲ, ಅದು ಸೇರಿದರೆ ಲಾಭ ಉಳಿಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಮುಂದಿನ ವರ್ಷ ಪಿಎಚ್‌.ಡಿ. ಸ್ಥಾನಗಳಿವೆಯೇ, ಇದ್ದರೆ ಯಾವ ಡಿಪಾರ್ಟ್‌ಮೆಂಟ್ ಮೂಲಕ ಅರ್ಜಿ ಹಾಕಬೇಕು?’

ಇಷ್ಟೇ. ಕೆಳಗೆ ಹೆಸರು, ಓದುತ್ತಿರುವ ಕೋರ್ಸ್, ಸಿವಿ. ‘ನಿಮ್ಮ ಅಮೋಘ ಸಂಶೋಧನೆ’ ಎಂಬ ಹೊಗಳಿಕೆ ಬೇಡ. ಎರಡು ವಾರ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ. ಆಮೇಲೆ ಬಿಡಿ. ಇಮೇಲ್‌ಗೆ ಉತ್ತರ ಬರೆಯದ ಗುಂಪು ಅರ್ಜಿಯನ್ನೂ ತಿರಸ್ಕರಿಸುತ್ತದೆ ಎಂದೇನಿಲ್ಲ. ಪ್ರಕಟಣೆ ಬಂದರೆ ಹಾಕಿಯೇ ಹಾಕಿ.

ಶಿಫಾರಸು ಪತ್ರಕ್ಕೆ ಹೆಸರು ದೊಡ್ಡದಿರುವವರಿಗಿಂತ ನಿಮ್ಮ ಕೆಲಸ ಕಣ್ಣಾರೆ ಕಂಡವರನ್ನು ಕೇಳಿ, ಗಡುವಿಗೆ ಕನಿಷ್ಠ ಒಂದು ತಿಂಗಳು ಮುಂಚೆ.

ಹೆಜ್ಜೆ 8: ಸಂದರ್ಶನ ಇಬ್ಬರದ್ದೂ

ಅವರು ನಿಮ್ಮ ಹಳೆಯ ಪ್ರಾಜೆಕ್ಟ್ ಬಗ್ಗೆ ಕೇಳುತ್ತಾರೆ, ಬೋರ್ಡ್ ಮೇಲೆ ಟೆಲಿಪೋರ್ಟೇಶನ್ ಬಿಡಿಸಿ ಎನ್ನಬಹುದು, ಸ್ವಾಪ್ ಮಾಡಿದಾಗ ಫಿಡೆಲಿಟಿ ಯಾಕೆ ಬೀಳುತ್ತದೆ ಎನ್ನಬಹುದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ, ಗೊತ್ತಿರುವಲ್ಲಿಂದ ಗಟ್ಟಿಯಾಗಿ ಯೋಚಿಸಿ.

ನಿಮ್ಮ ಸರದಿ ಬಂದಾಗ ನಾನು ಹೇಳುವ ಪ್ರಶ್ನೆ ಒಂದೇ: ‘ನಿಮ್ಮ ಪ್ರಯೋಗದಲ್ಲಿ ಫೋಟಾನ್ ಅತಿ ಹೆಚ್ಚು ಸಾಯುವುದು ಎಲ್ಲಿ?’ ಸಿದ್ಧಾಂತದ ಗುಂಪಾದರೆ, ‘ನಿಮ್ಮ ಮಾದರಿಯಲ್ಲಿ ನೀವೇ ನಂಬದ ಊಹೆ ಯಾವುದು?’ ಒಳ್ಳೆಯ ಗುಂಪಿನವರು ಕುರ್ಚಿ ಮುಂದೆ ಎಳೆದುಕೊಂಡು ಅಂಕಿಗಳ ಸಮೇತ ಹೇಳುತ್ತಾರೆ, ಆ ಅಂಕಿಯನ್ನು ಸರಿಪಡಿಸುವುದೇ ನಿಮ್ಮ ಮೊದಲ ಎರಡು ವರ್ಷದ ಕೆಲಸ ಎಂದೂ ಹೇಳುತ್ತಾರೆ. ‘ಎಲ್ಲ ಚೆನ್ನಾಗಿದೆ’ ಎಂಬ ಉತ್ತರ ಬಂದರೆ ನನಗಂತೂ ಕಸಿವಿಸಿ.

ಇನ್ನೂ ಮುಖ್ಯವಾದದ್ದು, ಗೈಡ್ ಇಲ್ಲದಾಗ ವಿದ್ಯಾರ್ಥಿಗಳ ಜೊತೆ ಮಾತು. ಹಿಂದಿನ ಐವರು ಎಷ್ಟು ವರ್ಷದಲ್ಲಿ ಮುಗಿಸಿದರು? ಅರ್ಧಕ್ಕೆ ಬಿಟ್ಟವರು ಇದ್ದಾರೆಯೇ, ಯಾಕೆ? ಪ್ರಯೋಗ ಹಾಳಾದಾಗ ಗ್ರೂಪ್ ಮೀಟಿಂಗ್ ಹೇಗಿರುತ್ತದೆ? ಹಣ ಯಾವ ಪ್ರಾಜೆಕ್ಟಿನದು, ಯಾವಾಗ ಮುಗಿಯುತ್ತದೆ? ಮೊದಲ ಲೇಖಕರು ಯಾರು ಎಂದು ಹೇಗೆ ತೀರ್ಮಾನವಾಗುತ್ತದೆ? ಒಂದು ಪೇಪರ್ ಮೇಲೆ ಇಪ್ಪತ್ತು ಹೆಸರುಗಳಿರುವ ಕ್ಷೇತ್ರದಲ್ಲಿ ಕೊನೆಯ ಪ್ರಶ್ನೆ ಸಣ್ಣದಲ್ಲ.

ಹೆಜ್ಜೆ 9: ಆಫರ್ ಬಂದ ಮೇಲೆ

ಕೆಲವು ದೇಶಗಳು ಕ್ವಾಂಟಮ್ ತಂತ್ರಜ್ಞಾನವನ್ನು ಸೂಕ್ಷ್ಮ ವಿಷಯ ಎಂದು ಪರಿಗಣಿಸಿ ವಿದೇಶಿ ವಿದ್ಯಾರ್ಥಿಗಳನ್ನು ಬೇರೆಯಾಗಿ ಪರಿಶೀಲಿಸುತ್ತವೆ. ಬ್ರಿಟನ್ನಿನಲ್ಲಿ ಹಲವು ದೇಶಗಳ ಪ್ರಜೆಗಳಿಗೆ ವೀಸಾಕ್ಕೆ ಮುಂಚೆ ಎಟಿಎಎಸ್ ಪ್ರಮಾಣಪತ್ರ ಬೇಕಾಗಬಹುದು; ಅದಕ್ಕೆ ಸಂಶೋಧನಾ ವಿಷಯದ ವಿವರಣೆ ಕೊಡಬೇಕು. ಆಫರ್ ಕೈಗೆ ಬಂದ ದಿನವೇ ಇದನ್ನು ವಿಚಾರಿಸಿ, ಸೇರುವ ತಾರೀಖನ್ನು ಅದಕ್ಕೆ ತಕ್ಕಂತೆ ಕೇಳಿಕೊಳ್ಳಿ. ಎರಡು ಆಫರ್ ಇದ್ದರೆ ಬೇಡವಾದದ್ದನ್ನು ಬೇಗ ಬಿಟ್ಟುಕೊಡಿ, ಕಾಯುವ ಪಟ್ಟಿಯಲ್ಲಿ ಇನ್ನೊಬ್ಬರು ಕೂತಿರುತ್ತಾರೆ.

ವೀಸಾಕ್ಕೆ ಕಾಯುವ ತಿಂಗಳುಗಳಲ್ಲಿ ಆ ಲ್ಯಾಬ್‌ನಿಂದ ಹೊರಬಂದ ಕೊನೆಯ ಎರಡು ಮಹಾಪ್ರಬಂಧಗಳನ್ನು ಇಳಿಸಿಕೊಳ್ಳಿ. ಪೇಪರ್‌ನಲ್ಲಿ ನಾಲ್ಕು ಸಾಲಿನಲ್ಲಿ ಮುಗಿದ ಉಪಕರಣದ ವಿವರ ಅಲ್ಲಿ ನಲವತ್ತು ಪುಟ ಇರುತ್ತದೆ: ಯಾವ ಕನ್ನಡಿ ಬಿಸಿಲೇರಿದಂತೆ ಜಾರುತ್ತದೆ, ಯಾವ ಫಿಲ್ಟರ್‌ನಲ್ಲಿ ಎಷ್ಟು ಶೇಕಡಾ ಸೋರುತ್ತದೆ, ಕ್ರಯೋಸ್ಟಾಟ್ ಅದುರಿದಾಗ ಏನು ಮಾಡಬೇಕು. ಅನುಬಂಧಗಳಿಂದ ಶುರು ಮಾಡಿ ಹಿಂದಕ್ಕೆ ಓದಿ, ಪ್ರತಿ ನಷ್ಟದ ಅಂಕಿಯನ್ನೂ ಮೊದಲ ಹೆಜ್ಜೆಯ ಆ ಹಾಳೆಯಲ್ಲಿ, ನಾನು ಊಹಿಸಿ ಕೊಟ್ಟ ಶೇ 10ರ ಜಾಗದಲ್ಲಿ ಬರೆದುಕೊಳ್ಳುತ್ತ ಹೋಗಿ.